ನೊಣದ ಮೊಟ್ಟೆಯೊಳಗಿನ ಎಳೆದಾಟ

ಮೊದಲು ಎಲ್ಲದಕ್ಕೂ ಹಣೆಬರಹ ಎನ್ನುತ್ತಿದ್ದರು. ಈಗ ನಮ್ಮ ಮೈಸೂರಿನ ಓದಿದ ಜನ ‘ಎಲ್ಲಾ ಜೀನ್‌ನಲ್ಲೇ ಬರೆದಿದೆ’ ಎನ್ನುತ್ತಾರೆ. ಬ್ರಹ್ಮನ ಕೆಲಸ ಡಿಎನ್‌ಎಗೆ ವರ್ಗವಾಗಿದೆ, ಅಷ್ಟೇ. ಇಂಥವರಿಗೆ ನಾನು ತೋರಿಸುವುದು ದೇವರಾಜ ಮಾರುಕಟ್ಟೆಯ ಬಾಳೆಗೊನೆಗಳ ಸುತ್ತ ಹಾರುವ ಹಣ್ಣುನೊಣವನ್ನು. ಮಾನಸಗಂಗೋತ್ರಿಯಲ್ಲಿ ದಶಕಗಳಿಂದ ಸಾಕಿ ಅಧ್ಯಯನ ಮಾಡುತ್ತಿರುವ ಡ್ರೊಸೊಫಿಲಾ ಇದೇ.

ಇದರ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ಸುಮಾರು ಮೂರು ಗಂಟೆಯಲ್ಲಿ ಅದರ ಮೇಲ್ಮೈ ತುಂಬ ಒಂದೇ ಪದರದಲ್ಲಿ ಹತ್ತಿರ ಹತ್ತಿರ 6000 ಕೋಶಗಳು. ಆಮೇಲೆ ಹೊಟ್ಟೆಯ ಕಡೆಯ ಒಂದು ಪಟ್ಟಿ ಕಾಲು ಗಂಟೆಯಲ್ಲಿ ಮಡಚಿಕೊಂಡು ಒಳಗೆ ಹೋಗುತ್ತದೆ. ಮುಂದೆ ಸ್ನಾಯುಗಳಾಗುವುದು ಈ ಕೋಶಗಳೇ.

ಅವನ್ನು ಒಳಗೆ ಕಳಿಸಿದ್ದು ಯಾರು? ಅವೇ! ಪ್ರತಿ ಕೋಶದ ಹೊರಮೈ ಕೆಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಬಲೆ ಇರುತ್ತದೆ. ಅದನ್ನು ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಎಳೆಯುತ್ತದೆ. ನಮ್ಮ ತೋಳಿನ ಸ್ನಾಯುವಿನಲ್ಲಿ ದುಡಿಯುವುದೂ ಇದೇ ಕುಟುಂಬದ ಪ್ರೋಟೀನು. ಅಜ್ಜಿಯ ಎಲೆಅಡಿಕೆ ಚೀಲದ ದಾರ ಎಳೆದರೆ ಬಾಯಿ ಮುದುಡುತ್ತದಲ್ವಾ, ಹಾಗೆ ಕೋಶದ ಹೊರತುದಿ ಕಿರಿದಾಗುತ್ತದೆ. ಆದರೆ ಒಂದೇ ಏಟಿಗೆ ಅಲ್ಲ. ಎಳೆಯುತ್ತದೆ, ನಿಲ್ಲುತ್ತದೆ, ಮತ್ತೆ ಎಳೆಯುತ್ತದೆ. ನಿಂತಾಗಲೂ ಎಳೆದದ್ದು ಬಹುಪಾಲು ಸಡಿಲವಾಗುವುದಿಲ್ಲ. ಹೊರತುದಿ ಮುದುಡಿದರೆ ಕೋಶದೊಳಗಿನ ಸರಕು ಎಲ್ಲಿಗೆ ಹೋಗಬೇಕು? ಒಳಬದಿಗೆ. ಕೋಶ ಬೆಣೆಯ ಆಕಾರಕ್ಕೆ ಬರುತ್ತದೆ. ಒಂದು ಕೋಶ ಸುಮ್ನೆ ಮುದುಡಿದರೆ ಏನೂ ಆಗದು. ಒಂದಕ್ಕೊಂದು ಅಂಟಿಕೊಂಡ ನೂರಾರು ಕೋಶ ಒಟ್ಟಿಗೆ ಮುದುಡಿದಾಗ ಇಡೀ ಪದರವೇ ಬಾಗುತ್ತದೆ.

ಇಷ್ಟು ಸಣ್ಣದರಲ್ಲಿ ಬಿಗಿತ ಗೊತ್ತಾಗುವುದು ಹೇಗೆ? ಕೋಶಗಳ ಪದರವನ್ನು ಲೇಸರ್‌ನಿಂದ ಕತ್ತರಿಸಿ ನೋಡುತ್ತಾರೆ. ಬಿಗಿತ ಜಾಸ್ತಿ ಇದ್ದಷ್ಟೂ ಅಂಚುಗಳು ಬೇಗ ಹಿಂದೆ ಸರಿಯುತ್ತವೆ.

ಜೀವಿಗಳ ಆಕಾರದಲ್ಲಿ ಬಲಗಳ ಪಾತ್ರ ಇದೆ ಎಂದು ಜೀವವಿಜ್ಞಾನಿ ಡಾರ್ಸಿ ಥಾಂಪ್ಸನ್ 1917ರಲ್ಲೇ ವಾದಿಸಿದ್ದರು. ಆಮೇಲೆ ಜೀನ್‌ಗಳ ಭರಾಟೆಯಲ್ಲಿ ಆ ಮಾತು ಹಿಂದೆ ಬಿತ್ತು. ನೊಣದ ಭ್ರೂಣ ಬೆಳೆಸುವ ಜೀನ್‌ಗಳನ್ನು ಹುಡುಕಿದ್ದಕ್ಕೆ 1995ರ ನೊಬೆಲ್ ಬಂತು. ತಮಾಷೆ ಏನೆಂದರೆ, ಆ ಬಹುಮಾನ ಹಂಚಿಕೊಂಡ ಮೂವರಲ್ಲಿ ಒಬ್ಬರಾದ ಎರಿಕ್ ವೀಶೌಸ್ ಅವರೇ 2009ರಲ್ಲಿ ಆಡಮ್ ಮಾರ್ಟಿನ್ ಮತ್ತಿತರರ ಜೊತೆ ಈ ನಿಂತು ನಿಂತು ಎಳೆಯುವ ಆಟವನ್ನು ತೋರಿಸಿದರು.

ಜೀನ್ ಬೇಡ ಎನ್ನುತ್ತಿಲ್ಲ. ‘ಟ್ವಿಸ್ಟ್’, ‘ಸ್ನೇಲ್’ ಎಂಬ ಜೀನ್‌ಗಳಿಲ್ಲದೆ ಈ ಮಡಿಕೆ ಸರಿಯಾಗಿ ಮೂಡುವುದೇ ಇಲ್ಲ. ಆದರೆ ಅಪ್ಪಣೆ ಒಂದೇ ಕಡೆಯಿಂದ ಹೋಗುವುದಿಲ್ಲ. 2003ರಲ್ಲಿ ಫ್ರಾನ್ಸಿನ ಎಮ್ಯಾನ್ಯುಯೆಲ್ ಫಾರ್ಜ್ ಭ್ರೂಣವನ್ನು ಮೆಲ್ಲಗೆ ಒತ್ತಿ ನೋಡಿದರು. ಮಾಮೂಲಾಗಿ ಸುಮ್ಮನಿರುವ ಜಾಗದಲ್ಲೂ ಟ್ವಿಸ್ಟ್ ಕೆಲಸ ಶುರುಮಾಡಿತು. ಮಡಿಕೆ ಮೂಡಿದ ಮೇಲೆ, ನೊಣದ ಮುಂಡವಾಗುವ ಭ್ರೂಣದ ಪಟ್ಟಿ ಉದ್ದವಾಗುವಾಗ ಮುಂದೆ ಬಾಯಿಯಾಗುವ ಭಾಗ ಒತ್ತಡಕ್ಕೆ ಸಿಗುತ್ತದೆ. ಪಟ್ಟಿ ಉದ್ದವಾಗದ ಭ್ರೂಣಗಳಲ್ಲಿ ಅಲ್ಲಿ ಟ್ವಿಸ್ಟ್ ಕಾಣುವುದಿಲ್ಲ. ಹೊರಗಿನಿಂದ ಒತ್ತಿದರೆ ಮತ್ತೆ ಕಾಣುತ್ತದೆ.