ಜಿಟರ್‌ಗೂ ಬಾಸ್‌ಗೂ ಏನು ಸಂಬಂಧ?

‘ಜಿಟರ್ ಕಡಿಮೆ, ಬಾಸ್ (ತಗ್ಗಿನ ದಪ್ಪ ಸ್ವರ) ಗಟ್ಟಿ.’ ಸದ್ದಿನ ಸಂಕೇತವನ್ನು ಬೆಳಕಾಗಿ ಒಯ್ಯುವ ಆಪ್ಟಿಕಲ್ ಕೇಬಲ್ ಮಾರುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಈಗ ಕೊಂಡವರೂ ಅದನ್ನೇ ಹೇಳತೊಡಗಿದ್ದಾರೆ. ಟಿವಿಯಿಂದ ಸೌಂಡ್‌ಬಾರ್‌ಗೆ ಹೋಗುವ ಮೊಳದುದ್ದದ ಕೇಬಲ್ ಬದಲಾಯಿಸಿದೆವು, ಜಿಟರ್ ಹೋಯ್ತು, ಹಾಡಿಗೆ ಜೀವ ಬಂತು ಅಂತ. ಜಿಟರ್ ಅನ್ನೋದು ಇರುವುದು ನಿಜ. ಆದರೆ ಇವರು ಹೇಳುತ್ತಿರುವುದು ಅದಲ್ಲ.

ಜಿಟರ್ ಅಂದರೆ ಸಮಯದ ಏರುಪೇರು. ಸಿಡಿ ಗುಣಮಟ್ಟದ ಹಾಡಿನಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದನ್ನು ಅಳೆದಿಟ್ಟ ಅಂಕಿಗಳು, ಇರುತ್ತವೆ. ಒಂದಕ್ಕೂ ಮುಂದಿನದಕ್ಕೂ ನಡುವೆ ಸುಮಾರು 22,700 ನ್ಯಾನೋಸೆಕೆಂಡ್. ಅಂಕಿಗಳನ್ನು ಸದ್ದಿನ ಅಲೆಯಾಗಿ ಬದಲಿಸುವ ಚಿಪ್ ಅಥವಾ ಪೆಟ್ಟಿಗೆಯಾದ ಡ್ಯಾಕ್ ಇವನ್ನು ಇದೇ ಅಂತರದಲ್ಲಿ ಸದ್ದಾಗಿಸಬೇಕು. ಕೆಲವು ಒಂಚೂರು ಬೇಗ, ಕೆಲವು ಒಂಚೂರು ತಡವಾಗಿ ಹೊರಬಿದ್ದರೆ ಅದೇ ಜಿಟರ್. ಅಂಕಿಗಳೆಲ್ಲ ಸರಿಯಾಗಿಯೇ ಇರುತ್ತವೆ, ಹೊತ್ತು ಮಾತ್ರ ತಪ್ಪಿರುತ್ತದೆ.

ಇಂಟರ್ನೆಟ್ ಸ್ಪೀಡ್ ಟೆಸ್ಟ್‌ನಲ್ಲೂ ಜಿಟರ್ ಅಂತ ಒಂದು ಅಂಕಿ ಕಾಣಿಸುತ್ತದೆ, ಅಲ್ವಾ? ಅರ್ಧ ಗೊಂದಲ ಹುಟ್ಟಿದ್ದೇ ಅಲ್ಲಿಂದ ಅನಿಸುತ್ತದೆ. ಅಲ್ಲಿನ ಲೆಕ್ಕ ಮಿಲಿಸೆಕೆಂಡಿನದು. ಜಾಸ್ತಿಯಾದರೆ ವಿಡಿಯೋ ಕಾಲ್‌ನಲ್ಲಿ ಮಾತು ತುಂಡಾಗುತ್ತದೆ, ಕಿವಿಗೆ ನೇರವಾಗಿ ಗೊತ್ತಾಗುತ್ತದೆ. ಆಡಿಯೋದ ಜಿಟರ್ ನ್ಯಾನೋಸೆಕೆಂಡಿನದು, ಅದಕ್ಕಿಂತಲೂ ಚಿಕ್ಕದು. ಒಂದು ಮಿಲಿಸೆಕೆಂಡ್ ಅಂದರೆ 10 ಲಕ್ಷ ನ್ಯಾನೋಸೆಕೆಂಡ್. ಹೆಸರು ಒಂದೇ ಅಂತ ಅಲ್ಲಿನ ಅನುಭವವನ್ನು ಇಲ್ಲಿಗೆ ತರಬಾರದು. ‘ಜಿಟರ್‌ನಿಂದ ಲಯ ತಪ್ಪುತ್ತದೆ’ ಅನ್ನುವವರೂ ಇದ್ದಾರೆ. ಮೃದಂಗದ ಪೆಟ್ಟು ಒಂದು ಮೈಕ್ರೋಸೆಕೆಂಡ್ ಹಿಂದೆಮುಂದೆ ಆದರೆ ಯಾವ ವಿದ್ವಾಂಸರಿಗೂ ತಿಳಿಯುವುದಿಲ್ಲ. ನಾವು ಮಾತಾಡುತ್ತಿರುವುದು ಅದಕ್ಕಿಂತ ಎಷ್ಟೋ ಚಿಕ್ಕ ಹೊತ್ತಿನ ಬಗ್ಗೆ.

ಇನ್ನು ಬಾಸ್ ವಿಷಯ. ಇದು ಪೂರ್ತಿ ತಲೆಕೆಳಗು. ಸದ್ದಿನ ಅಲೆ ಎಷ್ಟು ಬೇಗ ಏರಿಳಿಯುತ್ತದೋ, ಹೊತ್ತು ತಪ್ಪಿದ್ದಕ್ಕೆ ಆಗುವ ದೋಷ ಅಷ್ಟು ದೊಡ್ಡದು. 10,000 ಹರ್ಟ್ಸ್‌ನ ಸ್ವರಕ್ಕೆ ತಟ್ಟುವ ಪೆಟ್ಟಿನ ನೂರನೇ ಒಂದು ಪಾಲು ಮಾತ್ರ ಅಷ್ಟೇ ಜೋರಿನ 100 ಹರ್ಟ್ಸ್‌ನ ಸ್ವರಕ್ಕೆ ತಟ್ಟುತ್ತದೆ. ಅಂದರೆ ಜಿಟರ್ ಕೆಡಿಸುವುದಿದ್ದರೆ ಬಾಸ್ ಕಟ್ಟಕಡೆಯ ಸಾಲಿನಲ್ಲಿದೆ. ಮೊದಲು ಸಿಕ್ಕಿಬೀಳಬೇಕಾದದ್ದು ಮೇಲಿನ ಸ್ಥಾಯಿಯ ಉದ್ದ ಸ್ವರಗಳು. ಅವುಗಳ ಅಕ್ಕಪಕ್ಕ ಇಲ್ಲದ ಸ್ವರಗಳು ಸಣ್ಣಗೆ ಹುಟ್ಟಿಕೊಳ್ಳುತ್ತವೆ. ಅದು ಕೇಳಿಸಬೇಕಾದರೆ ಎಷ್ಟು ಜಿಟರ್ ಬೇಕು? ಜಪಾನಿನ ಆಶಿಹಾರಾ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸಂಗೀತದ ಮೇಲೆ ಗೊತ್ತುಗುರಿಯಿಲ್ಲದ ಜಿಟರ್ ಬೆರೆಸಿದಾಗ, ಪಳಗಿದ ಕಿವಿಗಳಿಗೂ ಅದನ್ನು ಹಿಡಿಯಲು ನೂರಾರು ನ್ಯಾನೋಸೆಕೆಂಡ್ ಬೇಕಾಯಿತು. ಸುಮಾರಾದ ಡ್ಯಾಕ್‌ನಲ್ಲೂ ಅಷ್ಟೊಂದು ಉಳಿದಿರುವುದಿಲ್ಲ.

ಹಾಗಂತ ‘ಇರೋದು ಸೊನ್ನೆ ಒಂದು ಅಷ್ಟೇ, ಕೇಬಲ್‌ಗೂ ಜಿಟರ್‌ಗೂ ಸಂಬಂಧವೇ ಇಲ್ಲ’ ಅನ್ನುವ ಜಾಣರೂ ಪೂರ್ತಿ ಸರಿಯಲ್ಲ. ಫೈಲ್ ಕಾಪಿ ಮಾಡುವುದು ಬೇರೆ, ಇದು ಬೇರೆ. ಈ ಕೇಬಲ್‌ನಲ್ಲಿ ಹಾಯುವ ಎಸ್‌ಪಿಡಿಐಎಫ್ ಎಂಬ ಡಿಜಿಟಲ್ ಆಡಿಯೋ ಸಂಕೇತದಲ್ಲಿ ಅಂಕಿಗಳ ಜೊತೆ ಗಡಿಯಾರವೂ ಅದೇ ದಾರಿಯಲ್ಲಿ ಬರುತ್ತದೆ. ತಪ್ಪಾದರೆ ಮತ್ತೆ ಕಳಿಸು ಅಂತ ಕೇಳುವ ವ್ಯವಸ್ಥೆ ಅದರಲ್ಲಿಲ್ಲ. ಬೆಳಕು ಪ್ಲಾಸ್ಟಿಕ್ ಎಳೆಯೊಳಗೆ ಪುಟಿಯುತ್ತಾ ಸಾಗುವಾಗ ಸಂಕೇತದ ಅಂಚುಗಳು ಸ್ವಲ್ಪ ಮಂದವಾಗುತ್ತವೆ, ಅಷ್ಟು ಜಿಟರ್ ನಿಜಕ್ಕೂ ಸೇರುತ್ತದೆ. ಆದರೆ ಅದನ್ನು ಸೋಸುವುದು ಡ್ಯಾಕ್‌ನ ಕೆಲಸ. ಬಂದ ಗಡಿಯಾರದ ಸಣ್ಣ ನಡುಕವನ್ನು ಅದು ನಯ ಮಾಡಿಕೊಳ್ಳುತ್ತದೆ. ಕೆಲವು ಡ್ಯಾಕ್‌ಗಳು ತಮ್ಮದೇ ಗಡಿಯಾರ ಬಳಸುತ್ತವೆ. ದುಡ್ಡು ಹಾಕಲೇಬೇಕು ಅಂತಿದ್ದರೆ ಡ್ಯಾಕ್ ಮೇಲೆ ಹಾಕಿ.

ಕೇಬಲ್‌ನ ಹುಟ್ಟನ್ನೇ ನೋಡಿ. ಇದರ ಹೆಸರು ಟಾಸ್‌ಲಿಂಕ್, ಅಂದರೆ ತೋಶಿಬಾ ಲಿಂಕ್. 1983ರಲ್ಲಿ ಆ ಕಂಪನಿ ತನ್ನ ಸಿಡಿ ಪ್ಲೇಯರನ್ನು ರಿಸೀವರ್‌ಗೆ ಜೋಡಿಸಲು ಮಾಡಿಕೊಂಡದ್ದು. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ, ಒಂದು ಕೆಂಪು ಎಲ್‌ಇಡಿ, ಅಷ್ಟೇ. ಅಗ್ಗವಾಗಿರಲಿ ಅಂತಲೇ ಹೀಗೆ ಮಾಡಿದ್ದು. ಇದರ ತುದಿಗೆ ಚಿನ್ನದ ಲೇಪ ಹಾಕಿ ಮಾರುತ್ತಾರಲ್ಲ, ಆ ಚಿನ್ನದೊಳಗೆ ಹಾಯುವುದಾದರೂ ಏನು? ಇಲ್ಲಿ ಕರೆಂಟೇ ಇಲ್ಲ.

ಕೆಟ್ಟ ಕೇಬಲ್ ಇಲ್ಲವೇ ಇಲ್ಲ ಅಂತಲ್ಲ. ಅದು ಕೆಟ್ಟರೆ ಟಪಟಪ ಸದ್ದು ಬರುತ್ತದೆ, ಹಾಡು ನಡುನಡುವೆ ನಿಲ್ಲುತ್ತದೆ, ಇಲ್ಲವೇ ಪೂರ್ತಿ ಮೌನ. ದನಿ ಸ್ವಲ್ಪ ಮಂಕಾಯಿತು, ವೀಣೆ ಸ್ವಲ್ಪ ಹಿಂದೆ ಸರಿಯಿತು ಅನ್ನುವ ಜಾತಿಯ ದೋಷ ಅದಕ್ಕೆ ಬರುವುದಿಲ್ಲ. ಐದು ಮೀಟರ್ ದಾಟಿದ ಅಗ್ಗದ ಕೇಬಲ್, ಗೋಡೆ ಮೂಲೆಯಲ್ಲಿ ಮಡಚಿಟ್ಟ ಕೇಬಲ್, ಧೂಳು ತುಂಬಿದ ತೂತು, 192 ಕಿಲೋಹರ್ಟ್ಸ್ (ಸೆಕೆಂಡಿಗೆ 1,92,000 ಸ್ಯಾಂಪಲ್) ಫೈಲ್: ಅನುಮಾನ ಪಡಬೇಕಾದದ್ದು ಇವುಗಳ ಮೇಲೆ. ಹೊಸ ಕೇಬಲ್‌ನಲ್ಲಿ ಸದ್ದೇ ಬರದಿದ್ದರೆ ತುದಿಯ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ತೆಗೆದಿದ್ದೀರಾ ನೋಡಿ. ಎಷ್ಟೋ ದೂರು ಅಲ್ಲಿಗೇ ಮುಗಿಯುತ್ತವೆ.

ತಾಮ್ರದ ವೈರ್ ಬಿಟ್ಟು ಆಪ್ಟಿಕಲ್‌ಗೆ ಬಂದಾಗ ಸದ್ದು ನಿಜವಾಗಿಯೂ ಸುಧಾರಿಸಿದವರಿದ್ದಾರೆ. ಸೆಟ್‌ಟಾಪ್ ಬಾಕ್ಸ್, ಟಿವಿ, ಆಂಪ್ಲಿಫೈಯರ್ ಮೂರರ ಅರ್ಥಿಂಗ್ ಸುತ್ತಿಕೊಂಡು ಗುಂಯ್ ಅನ್ನುತ್ತಿದ್ದರೆ, ಗಾಜೋ ಪ್ಲಾಸ್ಟಿಕ್ಕೋ ನಡುವೆ ಬಂದ ಕೂಡಲೇ ಆ ಕೊಂಡಿ ಕಡಿದುಹೋಗುತ್ತದೆ. ಅದಕ್ಕೆ ಅಂಗಡಿಯ ಅತಿ ಅಗ್ಗದ ಆಪ್ಟಿಕಲ್ ಕೇಬಲ್ಲೂ ಸಾಕು. ಹೋದದ್ದು ಗುಂಯ್ ಸದ್ದು. ಅದನ್ನು ಜಿಟರ್ ಅಂತ ಕರೆಯಬೇಡಿ.