ಯಾವ ಅಲಿ, ಯಾವ ಲೂಯಿಸ್?

“ಸಾರ್, ಅಲಿ ಮತ್ತು ಟೈಸನ್ ಇಬ್ಬರೂ ಒಳ್ಳೇ ಫಾರ್ಮ್‌ನಲ್ಲಿದ್ದಾಗ ಎದುರಾಗಿದ್ದರೆ ಯಾರು ಗೆಲ್ತಿದ್ರು?”

ಬಾಕ್ಸಿಂಗ್ ಕಲಿಸುವವರಿಗೆ ಈ ಪ್ರಶ್ನೆಯಿಂದ ಬಿಡುಗಡೆ ಇಲ್ಲ. ಹೊಸ ಹುಡುಗರು ಕೈಗೆ ಬ್ಯಾಂಡೇಜ್ ಸುತ್ತೋದನ್ನು ಕಲಿಯುವ ಮೊದಲೇ ಇದನ್ನು ಕೇಳಿಬಿಟ್ಟಿರುತ್ತಾರೆ. ಕೆಲವರು ನನ್ನ ಉತ್ತರಕ್ಕೆ ಕಾಯುವುದೂ ಇಲ್ಲ. ಯಾರು ಎಷ್ಟು ನಾಕೌಟ್ ಮಾಡಿದರು, ಯಾರು ಎಷ್ಟು ಸಲ ಸೋತರು ಅಂತ ಫೋನ್ ತೆಗೆದು ಲೆಕ್ಕ ಒಪ್ಪಿಸುತ್ತಾರೆ.

ಈ ವಾದ ನನಗೆ ಇಷ್ಟವೇ. ಒಬ್ಬ ಬಾಕ್ಸರ್‌ನ ಕೈ, ಕಾಲು, ತಲೆ ಹೇಗೆ ಆಡುತ್ತವೆ ಅಂತ ಗಮನಿಸೋದನ್ನು ಕಲಿಸೋಕೆ ಇದಕ್ಕಿಂತ ಒಳ್ಳೇ ನೆಪ ಸಿಗಲ್ಲ. ಆದರೆ ದಾಖಲೆಗಳನ್ನು ಕೂಡಿ ಕಳೆದು ಉತ್ತರ ತೆಗೆಯುತ್ತೇನೆ ಅಂದರೆ ಆಗದ ಮಾತು. ಆ ಕೆಲಸವನ್ನು ಒಮ್ಮೆ ಕಂಪ್ಯೂಟರ್ ಇಟ್ಟುಕೊಂಡೇ ಮಾಡಿ ನೋಡಿದ್ದಾರೆ.

1967ರಲ್ಲಿ ಅಮೆರಿಕದ ಮಯಾಮಿಯಲ್ಲಿ ಮರ್ರಿ ವೊರೋನರ್ ಎಂಬ ರೇಡಿಯೊ ನಿರ್ಮಾಪಕ ಇದ್ದ. ಹಳೆಯ, ಹೊಸ ಹೆವಿವೇಟ್ ಚಾಂಪಿಯನ್‌ಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ತುಂಬಿ ಒಂದು ಟೂರ್ನಮೆಂಟ್ ನಡೆಸಿದ. ಬಂದ ಫಲಿತಾಂಶವನ್ನು ನಿಜವಾದ ಪಂದ್ಯದ ಕಾಮೆಂಟರಿ ತರಹ ಪ್ರಸಾರ ಮಾಡಿದ. ಅದರಲ್ಲಿ ಮೊಹಮ್ಮದ್ ಅಲಿ ಸೋತದ್ದು ಜಿಮ್ ಜೆಫ್ರೀಸ್ ಕೈಲಿ. ಜೆಫ್ರೀಸ್ ಚಾಂಪಿಯನ್ ಆಗಿದ್ದು 1899ರಲ್ಲಿ! ಅಲಿ ಸುಮ್ನೆ ಬಿಡ್ತಾನಾ? 10 ಲಕ್ಷ ಡಾಲರ್‌ಗೆ ಮಾನನಷ್ಟ ಮೊಕದ್ದಮೆ ಹಾಕಿದ. ಕೊನೆಗೆ ರಾಜಿಯಾಗಿ, ಒಂದೂ ಪಂದ್ಯ ಸೋಲದೆ ನಿವೃತ್ತನಾಗಿದ್ದ ಹಳೆಯ ಚಾಂಪಿಯನ್ ರಾಕಿ ಮಾರ್ಸಿಯಾನೊ ಜೊತೆ ಕ್ಯಾಮೆರಾ ಮುಂದೆ ಆಡಲು ಒಪ್ಪಿಕೊಂಡ. ಸೇನೆಗೆ ಸೇರಲ್ಲ ಅಂದಿದ್ದಕ್ಕೆ ಆಗ ಅವನ ಪಟ್ಟ, ಲೈಸೆನ್ಸ್ ಎರಡೂ ಹೋಗಿದ್ದವು.

1969ರಲ್ಲಿ ಚಿತ್ರೀಕರಣ ನಡೆಯಿತು. ಮಾರ್ಸಿಯಾನೊಗೆ ಆಗ 45 ವರ್ಷ. ನಿವೃತ್ತಿಯಾಗಿ 13 ವರ್ಷವಾಗಿತ್ತು. ಇದಕ್ಕಾಗಿ 20 ಕಿಲೋಗಿಂತ ಜಾಸ್ತಿ ತೂಕ ಇಳಿಸಿದ, ಬೋಳಾಗುತ್ತಿದ್ದ ತಲೆಗೆ ವಿಗ್ ಹಾಕಿಕೊಂಡ. (ಆ ವಿಗ್ ಕಳಚಿ ಬೀಳದ ಹಾಗೆ ಹೊಡೆದಾಡೋದೇ ದೊಡ್ಡ ಕಲೆ ಅಂತ ನನಗೆ ಅನ್ನಿಸುತ್ತೆ.) ಒಂದೊಂದು ನಿಮಿಷದ ಎಪ್ಪತ್ತರಷ್ಟು ರೌಂಡ್‌ಗಳನ್ನು ತೆಗೆದರು. ಮುಕ್ತಾಯವನ್ನೂ ಬೇರೆ ಬೇರೆ ತರಹ ತೆಗೆದಿಟ್ಟರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೋರಿಸಿದಾಗ ಮಾರ್ಸಿಯಾನೊ 13ನೇ ರೌಂಡಿನಲ್ಲಿ ನಾಕೌಟ್ ಮಾಡಿ ಗೆದ್ದ. ಯೂರೋಪಿನಲ್ಲಿ ತೋರಿಸಿದ್ದರಲ್ಲಿ ಗೆದ್ದವನು ಅಲಿ. ಮಾರ್ಸಿಯಾನೊ ಎರಡನ್ನೂ ನೋಡಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಕಂಪ್ಯೂಟರ್ ಹಳೆಯದು, ಹೋಗಲಿ. ಇವತ್ತಿನ ಕಂಪ್ಯೂಟರ್ ಆದರೂ ಒಂದು ಗಂಟು ಬಿಡಿಸಬೇಕಾಗುತ್ತೆ. ಜಾರ್ಜ್ ಫೋರ್‌ಮನ್ 1973ರಲ್ಲಿ ಜೋ ಫ್ರೇಜಿಯರ್‌ನನ್ನು ಎರಡೇ ರೌಂಡಿನಲ್ಲಿ ಆರು ಸಲ ಕೆಡವಿದ. ಮರುವರ್ಷ ಕೆನ್ ನಾರ್ಟನ್‌ನನ್ನೂ ಎರಡೇ ರೌಂಡಿನಲ್ಲಿ ಮುಗಿಸಿದ. ಈ ಫ್ರೇಜಿಯರ್, ನಾರ್ಟನ್ ಇಬ್ಬರೂ ಅಲಿಯನ್ನು ಸೋಲಿಸಿದವರು. ನಾರ್ಟನ್ ಅಂತೂ ಅವನ ದವಡೆಯನ್ನೇ ಮುರಿದಿದ್ದ. ಹಾಗಾದರೆ ಫೋರ್‌ಮನ್ ಮುಂದೆ ಅಲಿ ನಿಲ್ಲೋದೇ ಕಷ್ಟ, ಅಲ್ವಾ? 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಎಂಟನೇ ರೌಂಡಿಗೆ ನೆಲಕ್ಕೆ ಬಿದ್ದವನು ಫೋರ್‌ಮನ್. ಒಬ್ಬನ ಶೈಲಿ ಇನ್ನೊಬ್ಬನ ಶೈಲಿಗೆ ಹೇಗೆ ಸಿಕ್ಕಿಬೀಳುತ್ತೆ ಅನ್ನೋದನ್ನು ನೋಡದೆ, ಪಟ್ಟಿಯಲ್ಲಿ ಯಾರು ಮೇಲಿದ್ದಾರೆ ಅಂತ ನೋಡಿದರೆ ಈ ಫಲಿತಾಂಶ ಯಾವತ್ತೂ ಅರ್ಥವಾಗಲ್ಲ.

ಇನ್ನೊಂದು ಕಡೆಯೂ ಹುಡುಗರು ಎಡವುತ್ತಾರೆ. ಪಂದ್ಯ ಎಷ್ಟು ರೌಂಡಿನದು ಅಂತ ಯಾರೂ ಕೇಳುವುದಿಲ್ಲ. 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ಎಂಬ ಬಾಕ್ಸರ್ 14ನೇ ರೌಂಡಿನಲ್ಲಿ ಹೊಡೆತ ತಿಂದು, ಆಮೇಲೆ ಸತ್ತುಹೋದ. ಅಲ್ಲಿಂದ ಒಂದೊಂದಾಗಿ ಬಾಕ್ಸಿಂಗ್ ಸಂಸ್ಥೆಗಳು ಚಾಂಪಿಯನ್‌ಷಿಪ್ ಪಂದ್ಯವನ್ನು 15ರಿಂದ 12 ರೌಂಡಿಗೆ ಇಳಿಸಿದವು. ಈ ಮೂರು ರೌಂಡ್ ಎಷ್ಟು ದೊಡ್ಡದು ನೋಡಿ. 1952ರಲ್ಲಿ ಜರ್ಸಿ ಜೋ ವಾಲ್ಕಾಟ್ ಎದುರು ಮಾರ್ಸಿಯಾನೊ ಅಂಕ ಹಾಕುತ್ತಿದ್ದ ಮೂವರ ಲೆಕ್ಕದಲ್ಲೂ ಹಿಂದಿದ್ದ. 13ನೇ ರೌಂಡಿನಲ್ಲಿ ಬಲಗೈಯ ಒಂದೇ ಹೊಡೆತಕ್ಕೆ ವಾಲ್ಕಾಟ್ ಹಗ್ಗದ ಮೇಲೆ ಜಾರಿಬಿದ್ದ. 1941ರಲ್ಲಿ ಬಿಲ್ಲಿ ಕಾನ್ ಎದುರು ಜೋ ಲೂಯಿಸ್ ಕೂಡ ಹಿಂದಿದ್ದ. ಅವನು ನಾಕೌಟ್ ಮಾಡಿದ್ದೂ 13ರಲ್ಲೇ. ಇವತ್ತಿನ ನಿಯಮ ಇದ್ದಿದ್ದರೆ ಆ ಎರಡು ರಾತ್ರಿ ಗೆದ್ದವರು ವಾಲ್ಕಾಟ್ ಮತ್ತು ಕಾನ್. ಮಾರ್ಸಿಯಾನೊನ ಪ್ರಸಿದ್ಧ 49-0 (49 ಗೆಲುವು, ಸೋಲು ಸೊನ್ನೆ) ಇರುತ್ತಲೇ ಇರಲಿಲ್ಲ.

ತೂಕದ ವಿಷಯದಲ್ಲಿ ಮಾತ್ರ ಹುಡುಗರು ನನಗಿಂತ ಗಟ್ಟಿ. ಮಾರ್ಸಿಯಾನೊ ಸುಮಾರು 85 ಕಿಲೋ ಇದ್ದ. ಇವತ್ತು ಅವನು ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್‌ನಲ್ಲಿ ಆಡಬೇಕಿತ್ತು. ಎರಡು ಮೀಟರ್ ದಾಟಿದ ಬ್ರಿಟನ್ನಿನ ಹೆವಿವೇಟ್ ಟೈಸನ್ ಫ್ಯೂರಿ ಮುಂದೆ ಅವನನ್ನು ನಿಲ್ಲಿಸೋಕೆ ನನಗೂ ಮನಸ್ಸು ಬರಲ್ಲ. ಹಾಗಂತ ತೂಕವೇ ಎಲ್ಲ ಅಂತಲೂ ಅಲ್ಲ. 2024ರ ಮೇನಲ್ಲಿ ರಿಯಾದ್‌ನಲ್ಲಿ ಫ್ಯೂರಿಗಿಂತ ಸುಮಾರು 17 ಕಿಲೋ ಕಡಿಮೆ ಇದ್ದ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಅವನನ್ನು ಗೆದ್ದ. ಆದರೆ ಉಸಿಕ್ ಎತ್ತರ ಆರಡಿ ಮೂರಿಂಚು. ಎಡಗೈ ಆಟಗಾರ ಬೇರೆ. ಮಾರ್ಸಿಯಾನೊಗೆ ಆ ಎರಡೂ ಇರಲಿಲ್ಲ.

ಅಲಿ-ಟೈಸನ್‌ಗೆ ನನ್ನ ಉತ್ತರ ಚಿಕ್ಕದು. 1988ರ ಮೈಕ್ ಟೈಸನ್‌ಗೆ ಮೊದಲ ನಾಲ್ಕು ರೌಂಡ್‌ನಲ್ಲಿ ಅವಕಾಶ ಇದೆ. ಅಲಿ ಹತ್ತಿರ ಬಂದವನ ಕತ್ತು ಹಿಡಿದು ಕೆಳಗೆ ಒತ್ತುತ್ತಿದ್ದ. 1974ರಲ್ಲಿ ಫ್ರೇಜಿಯರ್ ಜೊತೆ ಇಡೀ ರಾತ್ರಿ ಅದನ್ನೇ ಮಾಡಿದ. ರೆಫರಿ ಅದಕ್ಕೆ ಬಿಟ್ಟರೆ ಟೈಸನ್ ಐದನೇ ರೌಂಡಿಗೆ ಬೇಸತ್ತುಹೋಗುತ್ತಾನೆ. ಬಿಡದಿದ್ದರೆ ನನ್ನ ಮಾತು ವಾಪಸ್.

ನನಗೆ ನಿಜವಾಗಿ ತಲೆ ಕೆಡಿಸುವುದು ಲೂಯಿಸ್ ಮತ್ತು ಅಲಿ.

ಲೂಯಿಸ್ 1937ರಿಂದ 1949ರವರೆಗೆ ಚಾಂಪಿಯನ್ ಆಗಿದ್ದವನು. ಪಟ್ಟವನ್ನು 25 ಸಲ ಉಳಿಸಿಕೊಂಡ. ಅವನಿಗೆ ಕೈ ಬೀಸಲು ಜಾಗವೇ ಬೇಕಿರಲಿಲ್ಲ. ಗೇಣುದ್ದ ಜಾಗದಲ್ಲಿ ನೆಟ್ಟಗೆ ಹೋಗಿ ಗಲ್ಲಕ್ಕೆ ಕೂರುವ ಹೊಡೆತ. ಆದರೆ ಕಾಲು ನಿಧಾನ. ಒಂದೊಂದೇ ಹೆಜ್ಜೆ ಸರಿಸುತ್ತಾ ಬರುತ್ತಿದ್ದ. ಓಡಾಡುವ ಕಾನ್, ವಾಲ್ಕಾಟ್ ಇಬ್ಬರೂ ಅವನಿಗೆ ನೀರು ಕುಡಿಸಿದ್ದು ಇದರಿಂದಲೇ. ಇನ್ನೊಂದು ದೋಷ ಎಡಗೈಯದು. 1936ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್ ಅದನ್ನು ಪಂದ್ಯಕ್ಕೆ ಮೊದಲೇ ಗುರುತಿಸಿದ್ದ. ಜ್ಯಾಬ್ (ಮುಂದಿನ ಕೈಯಿಂದ ನೇರವಾಗಿ ಚುಚ್ಚುವ ಹೊಡೆತ) ಹೊಡೆದ ಮೇಲೆ ಲೂಯಿಸ್ ಎಡಗೈ ಸ್ವಲ್ಪ ಕೆಳಗಿಳಿದು ವಾಪಸ್ ಬರುತ್ತಿತ್ತು. ಆ ಗ್ಯಾಪ್‌ನಲ್ಲಿ ಶ್ಮೆಲಿಂಗ್ ಬಲಗೈ ಹಾಕುತ್ತಾ ಹೋದ, 12ನೇ ರೌಂಡಿಗೆ ಲೂಯಿಸ್ ಮಲಗಿದ. ಎರಡು ವರ್ಷದ ನಂತರ ಅದೇ ಶ್ಮೆಲಿಂಗ್‌ನನ್ನು ಲೂಯಿಸ್ 124 ಸೆಕೆಂಡಿನಲ್ಲಿ ಮುಗಿಸಿದ್ದು ನಿಜ. ಆದರೂ 1947ರಲ್ಲಿ ವಾಲ್ಕಾಟ್ ಅವನನ್ನು ಎರಡು ಸಲ ಕೆಡವಿದ್ದು ಬಲಗೈಯಿಂದಲೇ. ಅಲಿಯ ಬಲಗೈ ಇವರಿಬ್ಬರದಕ್ಕಿಂತ ವೇಗ.

ಈಗ ಅಲಿಯ ಕಡೆ ಬನ್ನಿ. ನಾವು ಮಕ್ಕಳಿಗೆ ಮೊದಲ ದಿನದಿಂದ ಹೇಳೋದು ಇದೇ: ಎಡಗೈ ಜ್ಯಾಬ್‌ಗೆ ಹೋದಾಗ ಬಲಗೈ ಗಲ್ಲದ ಪಕ್ಕ ಇರಬೇಕು. ಎದುರಾಳಿಯ ಜ್ಯಾಬ್ ತಡೆಯುವುದು ಆ ಕೈಯೇ. ಅಲಿಯ ಬಲಗೈ ಆ ಜಾಗ ಬಿಟ್ಟು ಸರಿಯುತ್ತಿತ್ತು. ಅವನ ತಲೆ ಅಷ್ಟು ಬೇಗ ಹಿಂದೆ ಹೋಗುತ್ತಿದ್ದರಿಂದ ಯಾರಿಗೂ ಅದರ ಲಾಭ ಸಿಗಲಿಲ್ಲ. ನಾರ್ಟನ್‌ನ ಕೋಚ್ ಎಡ್ಡಿ ಫಚ್ ಇದನ್ನು ಹಿಡಿದ. ಅಲಿ ಜ್ಯಾಬ್ ಹೊಡೆಯುವ ಕ್ಷಣದಲ್ಲೇ ನೀನೂ ಜ್ಯಾಬ್ ಹೊಡಿ ಅಂತ ನಾರ್ಟನ್‌ಗೆ ಕಲಿಸಿದ. ನಾನು ಇದನ್ನು ಹುಡುಗರ ಕೈಲಿ ಮಾಡಿಸಿ ತೋರಿಸುತ್ತೇನೆ. ಇಬ್ಬರು ಎದುರುಬದುರು ನಿಂತು ಒಟ್ಟಿಗೆ ಜ್ಯಾಬ್ ಬಿಡಬೇಕು. ಯಾರ ಬಲಗೈ ಕದಲಿತೋ ಅವನ ಮೂಗಿಗೆ ಗ್ಲೌಸ್ ತಾಗುತ್ತೆ. ಐದು ನಿಮಿಷದಲ್ಲಿ ವಾದ ಮಾಡುತ್ತಿದ್ದವರೆಲ್ಲ ಬಾಯಿ ಮುಚ್ಚಿ ಬಲಗೈ ನೋಡಿಕೊಳ್ಳುತ್ತಾರೆ.

ಈ ಫಚ್ ಯುವಕನಾಗಿದ್ದಾಗ ಡೆಟ್ರಾಯಿಟ್‌ನ ಜಿಮ್‌ನಲ್ಲಿ ಸ್ಪಾರಿಂಗ್ (ಅಭ್ಯಾಸದ ಹೊಡೆದಾಟ) ಮಾಡುತ್ತಿದ್ದದ್ದು ಯಾರ ಜೊತೆ ಗೊತ್ತಾ? ಜೋ ಲೂಯಿಸ್ ಜೊತೆ. ಲೂಯಿಸ್‌ನ ಜ್ಯಾಬ್ ನಾರ್ಟನ್‌ನದಕ್ಕಿಂತ ಭಾರ, ಅದರ ಹಿಂದೆಯೇ ಬಲಗೈಯೂ ಬರುತ್ತಿತ್ತು. ಆದ್ದರಿಂದ ಈ ಪಂದ್ಯ ಅಲಿಗೆ ಸುಲಭ ಅನ್ನುವವರ ಮಾತು ನಾನು ಒಪ್ಪಲ್ಲ.

1966ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಎದುರು ಆಡಿದ ಅಲಿ ಬಂದರೆ ಗೆಲ್ಲುವುದು ಅಲಿ. 12 ಇರಲಿ 15 ಇರಲಿ, ಪಾಯಿಂಟ್ಸ್ ಮೇಲೆ. ಆ ಕಾಲುಗಳನ್ನು ಲೂಯಿಸ್ ಹಿಡಿಯಲಾರ. ಒಂದು ಸಲವಾದರೂ ಅಲಿ ಕೆಳಗೆ ಬೀಳುತ್ತಾನೆ, ಅದು ಪಕ್ಕದಿಂದ ಬಳಸಿ ಬರುವ ಎಡಗೈ ಹುಕ್‌ಗೇ. ಅದೇ ಹುಕ್‌ನಿಂದ ಅವನನ್ನು ಕೆಡವಿದ್ದ ಹೆನ್ರಿ ಕೂಪರ್‌ಗೂ ಫ್ರೇಜಿಯರ್‌ಗೂ ಸಿಕ್ಕಿದ್ದು ಲೂಯಿಸ್‌ಗೆ ಸಿಗದೇ ಇರುತ್ತಾ? ಆದರೆ ಕಿನ್ಶಾಸಾದ ಅಲಿ ಬಂದು ಹಗ್ಗಕ್ಕೆ ಒರಗಿ ನಿಂತರೆ ನನ್ನ ದುಡ್ಡು ಲೂಯಿಸ್ ಮೇಲೆ. ಫೋರ್‌ಮನ್ ಅಗಲವಾಗಿ ಬೀಸುತ್ತಿದ್ದ, ಅಲಿ ಅದನ್ನು ತೋಳಿನ ಮೇಲೆ ತೆಗೆದುಕೊಂಡ. ಲೂಯಿಸ್‌ನ ಹೊಡೆತ ಎರಡು ತೋಳಿನ ನಡುವೆ ನುಗ್ಗುತ್ತೆ. ಆರನೇ ರೌಂಡ್ ದಾಟಲ್ಲ ಅಂತ ನನ್ನ ಅಂದಾಜು.