ಬಣ್ಣ ತೆಗೆದರೆ ಬಡ್ಡಿ ಕಮ್ಮಿಯಾಗಬಾರದು

ಉಡುಪಿಯ ಒಂದು ಪತ್ತಿನ ಸಹಕಾರಿ ಸಂಘದ ವೆಬ್‌ಸೈಟನ್ನು ನಮ್ಮ ಪುಟ್ಟ ಆಫೀಸು ನೋಡಿಕೊಳ್ಳುತ್ತದೆ. ಅದರ ಮೊದಲ ಪುಟದಲ್ಲಿ ಠೇವಣಿ ಬಡ್ಡಿ ದರದ ಪಟ್ಟಿ ಇದೆ. ಕೆಲವು ವರ್ಷಗಳ ಹಿಂದೆ ಸಂಘದವರು ಒಂದು ಸಣ್ಣ ಬದಲಾವಣೆ ಕೇಳಿದರು. ಹಿರಿಯ ನಾಗರಿಕರ ಸಾಲುಗಳಿಗೆ ಕೇಸರಿ ಹಿನ್ನೆಲೆ ಇತ್ತು. ಕಣ್ಣಿಗೆ ಹೊಡೆಯುತ್ತದೆ, ತೆಗೆಯಿರಿ ಎಂದರು. ನಮ್ಮ ಡಿಸೈನರ್ ಹುಡುಗಿ ಫೈಲ್ ತೆರೆದಳು, ಬಣ್ಣ ಇದ್ದ ನಾಲ್ಕು ಸಾಲು ಅಳಿಸಿದಳು, ಪುಟ ನೋಡಿದಳು. ಬಣ್ಣ ಹೋಗಿತ್ತು.

ಮೂರನೇ ದಿನ ಒಬ್ಬರು ನಿವೃತ್ತ ಮೇಷ್ಟ್ರು ಸಂಘದ ಕೌಂಟರಿಗೆ ಬಂದು ಕೇಳಿದರಂತೆ: "ಎಂತ ಇದು, ನಮ್ಮ ಅರ್ಧ ಪರ್ಸೆಂಟ್ ತೆಗೆದುಬಿಟ್ರಾ?"

ತೆಗೆದದ್ದು ನಾವು. ಆ ನಾಲ್ಕು ಸಾಲಿನ ಕೋಡ್ ಹೇಳುತ್ತಿದ್ದದ್ದು ಇಷ್ಟು: ಇದು ಹಿರಿಯರ ಸಾಲಾಗಿದ್ದರೆ ದರಕ್ಕೆ 0.50 ಕೂಡಿಸು, ಹಿಂದೆ ಕೇಸರಿ ಹಚ್ಚು. ಲೆಕ್ಕ ಮತ್ತು ಬಣ್ಣ ಒಂದೇ ಷರತ್ತಿನೊಳಗೆ ಕೂತಿದ್ದವು. ಬಣ್ಣದ ಜೊತೆ ಲೆಕ್ಕವೂ ಹೋಯಿತು. ಎಲ್ಲೂ ಎರರ್ ಬರಲಿಲ್ಲ. ನನಗೆ ಭಯ ಹುಟ್ಟಿಸಿದ್ದು ಅದೇ. ಸೈಟ್ ಬಿದ್ದುಹೋಗಿದ್ದರೆ ಐದು ನಿಮಿಷದಲ್ಲಿ ಫೋನ್ ಬರುತ್ತಿತ್ತು. ಇಲ್ಲಿ ಪಟ್ಟಿ ಅಂದವಾಗಿಯೇ ಇತ್ತು, ಅಂಕಿ ಮಾತ್ರ ತಪ್ಪು.

ಹುಡುಗಿಯ ತಪ್ಪು ಇದರಲ್ಲಿ ಏನೂ ಇಲ್ಲ. ಅವಳಿಗೆ ಹೇಳಿದ್ದು ಬಣ್ಣದ ಕೆಲಸ, ಮಾಡಿದ್ದೂ ಬಣ್ಣದ ಕೆಲಸ. ಆ ಕೋಡನ್ನು ಹಾಗೆ ಬರೆದವನು ನಾನು. ಅಂದಿನಿಂದ ಯಾವ ಮಾಡ್ಯೂಲ್ (ಸೈಟಿನಲ್ಲಿ ಒಂದು ನಿರ್ದಿಷ್ಟ ಕೆಲಸ ಮಾಡುವ ಕೋಡಿನ ತುಂಡು) ಬರೆಯಲು ಕೂತರೂ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದನ್ನು ಮುಂದೆ ಯಾರು ಬದಲಿಸುತ್ತಾರೆ? ಇಬ್ಬರು ಬೇರೆ ಬೇರೆ ಜನ ಬದಲಿಸುವ ವಿಷಯ ಒಂದೇ ಜಾಗದಲ್ಲಿ ಇರಬಾರದು.

ಕಾಲೇಜಿನಲ್ಲಿ ಇದನ್ನು ಸ್ವಲ್ಪ ಬೇರೆ ಥರ ಕಲಿಸುತ್ತಾರೆ. ಪುಟದ ವಿಷಯ ಮತ್ತು ರಚನೆ ಹೇಳುವ ಎಚ್‌ಟಿಎಂಎಲ್ ಒಂದು ಫೈಲ್, ಅದರ ಬಣ್ಣ-ಗಾತ್ರ ಹೇಳುವ ಸಿಎಸ್‌ಎಸ್ ಇನ್ನೊಂದು ಫೈಲ್, ಬೇರ್ಪಡಿಸಿ ಆಯಿತು ಎಂದು. ಅದರ ಹಿಂದೆ ಒಂದು ಒಳ್ಳೆಯ ಕಥೆ ಇದೆ, ಸುಳ್ಳಲ್ಲ. ಹೋಕನ್ ವಿಯುಮ್ ಲೀ ಅವರು 1994ರಲ್ಲಿ ಸರ್ನ್ ಎಂಬ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಸಿಎಸ್‌ಎಸ್‌ನ ಯೋಚನೆ ಮುಂದಿಟ್ಟರು. 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿಗೆ ಅಧಿಕೃತ ಒಪ್ಪಿಗೆ ಸಿಕ್ಕಿತು. ಆದರೂ ಎಷ್ಟೋ ವರ್ಷ ಜನ ಪ್ರತಿ ಪ್ಯಾರಾದ ಸುತ್ತ ಫಾಂಟ್ ಟ್ಯಾಗ್ (ಅಕ್ಷರದ ಬಣ್ಣ-ಗಾತ್ರ ಹೇಳುವ ಎಚ್‌ಟಿಎಂಎಲ್ ಗುರುತು) ಹಾಕಿಯೇ ಬಣ್ಣ ಕೊಡುತ್ತಿದ್ದರು. ಆದರೆ ಮಾಡ್ಯೂಲಿನಲ್ಲಿ ಎಚ್‌ಟಿಎಂಎಲ್, ಸಿಎಸ್‌ಎಸ್ ಎರಡೇ ಅಲ್ಲ, ಡೇಟಾಬೇಸ್ ಇದೆ, ಲೆಕ್ಕ ಇದೆ, ನಿಯಮ ಇದೆ. ಸಿಎಸ್‌ಎಸ್ ಫೈಲ್ ಬೇರೆ ಇಟ್ಟ ಮಾತ್ರಕ್ಕೆ ಲೆಕ್ಕ ಮತ್ತು ನೋಟ ಬಿಡಿಸಿಕೊಳ್ಳುವುದಿಲ್ಲ.

ಬಡ್ಡಿ ಪಟ್ಟಿಯನ್ನು ನಾವು ಹೊಸದಾಗಿ ಬರೆದೆವು. ಮೊದಲ ಫೈಲ್ ಡೇಟಾಬೇಸಿನಿಂದ ದರ ತರುತ್ತದೆ, ಲೆಕ್ಕ ಮಾಡುತ್ತದೆ, ಒಂದು ಪಟ್ಟಿ ಕೊಡುತ್ತದೆ. ಪಟ್ಟಿಯ ಪ್ರತಿ ಸಾಲಿನಲ್ಲಿ ಅವಧಿ, ದರ, ಇದು ಹಿರಿಯರ ಸಾಲೇ ಅಲ್ಲವೇ ಎಂಬ ಹೌದು-ಇಲ್ಲ, ಅಷ್ಟೇ. ಅದರಲ್ಲಿ ಒಂದೇ ಒಂದು ಎಚ್‌ಟಿಎಂಎಲ್ ಟ್ಯಾಗ್ ಇಲ್ಲ. ಎರಡನೇ ಫೈಲ್ ಟೆಂಪ್ಲೇಟ್. ಅದು ಪಟ್ಟಿ ತೆಗೆದುಕೊಂಡು ಕೋಷ್ಟಕ ಮಾಡುತ್ತದೆ. ಬಣ್ಣ, ಅಂತರ, ಅಕ್ಷರದ ಗಾತ್ರ ಎಲ್ಲ ಸಿಎಸ್‌ಎಸ್‌ನಲ್ಲಿ. ನಮ್ಮ ಆಫೀಸಿನಲ್ಲಿ ಟೆಂಪ್ಲೇಟ್ ಇರುವ ಫೋಲ್ಡರಿಗೆ ಎಲ್ಲರೂ "ಚೌಕಿ" ಎಂದೇ ಹೇಳುತ್ತೇವೆ. ಯಕ್ಷಗಾನದಲ್ಲಿ ವೇಷ ಕಟ್ಟುವುದು ಅಲ್ಲಿ. ಪ್ರಸಂಗದ ಪದ್ಯ ಅಲ್ಲಿ ಯಾರೂ ತಿದ್ದುವುದಿಲ್ಲ.

ಬರೆಯುವಾಗ ಒಂದು ಚರ್ಚೆ ಆಯಿತು. ಆ 0.50 ಎಲ್ಲಿರಬೇಕು? ಲೆಕ್ಕದ ಫೈಲಿನಲ್ಲಿ ಅಲ್ವಾ ಎಂದು ನಾನೂ ಅಂದುಕೊಂಡಿದ್ದೆ. ಆದರೆ ಅದನ್ನು ಬದಲಿಸುವುದು ಯಾರು? ಸಂಘದ ಆಡಳಿತ ಮಂಡಳಿ. ಹಾಗಾದರೆ ಅದು ಕೋಡಿನಲ್ಲೇ ಇರಬಾರದು. ಸಂಘದ ಮ್ಯಾನೇಜರ್ ಲಾಗಿನ್ ಆಗಿ ತಾವೇ ತಿದ್ದುವ ಸೆಟ್ಟಿಂಗ್‌ನಲ್ಲಿ ಇರಬೇಕು. ಇನ್ನು 8.5 ಎಂದು ತೋರಿಸಬೇಕಾ, 8.50% ಎಂದಾ? ಅದು ನೋಟದ ವಿಷಯ, ಟೆಂಪ್ಲೇಟಿಗೆ ಹೋಯಿತು. ದರ ಇನ್ನೂ ಹಾಕಿಲ್ಲದಿದ್ದರೆ "ದರಗಳನ್ನು ಶೀಘ್ರದಲ್ಲಿ ಪ್ರಕಟಿಸಲಾಗುವುದು" ಎಂದು ತೋರಿಸುವುದೂ ಟೆಂಪ್ಲೇಟಿಗೆ. ಟೆಂಪ್ಲೇಟಿನಲ್ಲಿ ಷರತ್ತೇ ಇರಬಾರದು ಎಂದು ಕೆಲವರು ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಏನು ತೋರಿಸಬೇಕು ಎಂಬ ಷರತ್ತು ಅಲ್ಲಿ ಇರಲಿ. ಡೇಟಾಬೇಸಿಗೆ ಕೈ ಹಾಕುವ ಸಾಲು ಮಾತ್ರ ಬೇಡ. ಸೈಟ್ ಕಟ್ಟುವ ತಂತ್ರಾಂಶ ದ್ರುಪಾಲ್ 2015ರಲ್ಲಿ ಎಂಟನೇ ಆವೃತ್ತಿಗೆ ಬಂದಾಗ ಟ್ವಿಗ್ ಎಂಬ ಟೆಂಪ್ಲೇಟ್ ಭಾಷೆಗೆ ಬದಲಾಯಿತು. ಅದರಲ್ಲಿ ಷರತ್ತು ಬರೆಯಬಹುದು, ಆದರೆ ಟೆಂಪ್ಲೇಟಿನೊಳಗೆ ಸುಮ್ನೆ ಪಿಎಚ್‌ಪಿ (ಸರ್ವರಿನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ) ಬರೆದು ಡೇಟಾಬೇಸ್ ಕೆದಕಲು ಆಗುವುದಿಲ್ಲ. ಆ ಬೇಲಿ ನನಗೆ ಇಷ್ಟ.

ಬೇರೆಯವರು ಬರೆದ ಮಾಡ್ಯೂಲ್ ಬಳಸುವಾಗ ತೊಂದರೆ ಇನ್ನೊಂದು ಕಡೆಯಿಂದ ಬರುತ್ತದೆ. ನೋಟ ಹಿಡಿಸದೆ ನೇರವಾಗಿ ಆ ಮಾಡ್ಯೂಲಿನ ಫೈಲನ್ನೇ ತಿದ್ದುತ್ತೇವೆ. ಚೆನ್ನಾಗಿಯೇ ಕಾಣುತ್ತದೆ. ಎರಡು ತಿಂಗಳಿಗೆ ಮಾಡ್ಯೂಲಿನ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ, ಹಾಕಿದ ಕೂಡಲೇ ನಮ್ಮ ತಿದ್ದುಪಡಿ ಎಲ್ಲ ಅಳಿಸಿಹೋಗುತ್ತದೆ. ಆಮೇಲೆ ನೋಟ ಕೆಡುತ್ತದೆ ಎಂಬ ಹೆದರಿಕೆಯಿಂದ ಅಪ್‌ಡೇಟ್ ಹಾಕುವುದನ್ನೇ ಜನ ಬಿಡುತ್ತಾರೆ. ಸೈಟ್ ಹ್ಯಾಕ್ ಆಗಿ ನಮ್ಮ ಹತ್ತಿರ ಬಂದವರನ್ನು ವಿಚಾರಿಸಿದರೆ, ಅಪ್‌ಡೇಟ್ ನಿಲ್ಲಿಸಿದ ಕಾರಣ ಎಷ್ಟೋ ಸಲ ಇದೇ ಆಗಿರುತ್ತದೆ.

ದ್ರುಪಾಲ್‌ನಂಥದ್ದೇ ಇನ್ನೊಂದು ತಂತ್ರಾಂಶ ಜೂಮ್ಲಾ ಇದಕ್ಕೆ 2008ರಲ್ಲೇ, 1.5ನೇ ಆವೃತ್ತಿಯಲ್ಲಿ, ಒಂದು ಚಂದದ ದಾರಿ ಮಾಡಿತು. ಮಾಡ್ಯೂಲ್ ತನ್ನ ನೋಟದ ಫೈಲನ್ನು ಬೇರೆ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಆ ಫೈಲಿನ ಪ್ರತಿಯನ್ನು ನಿಮ್ಮ ಸೈಟಿನ ಟೆಂಪ್ಲೇಟ್ ಫೋಲ್ಡರಿನಲ್ಲಿ, ಅದೇ ಹೆಸರಿನಲ್ಲಿ ಇಟ್ಟರೆ ಜೂಮ್ಲಾ ಮೊದಲು ನಿಮ್ಮದನ್ನು ಓದುತ್ತದೆ. ಇಲ್ಲದಿದ್ದರೆ ಮಾಡ್ಯೂಲಿನದ್ದನ್ನು. ಮಾಡ್ಯೂಲ್ ಎಷ್ಟು ಸಲ ಅಪ್‌ಡೇಟ್ ಆದರೂ ನಿಮ್ಮ ಪ್ರತಿ ಹಾಗೇ ಇರುತ್ತದೆ. ಇದು ನಡೆಯುವುದು ಮಾಡ್ಯೂಲ್ ಬರೆದವರು ನೋಟವನ್ನು ಬೇರೆ ಇಟ್ಟಿದ್ದರೆ ಮಾತ್ರ. ಅದೇ ಬಗೆಯ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಥೀಮಿನ (ಸೈಟಿನ ನೋಟದ ಕಟ್ಟು) ಫೈಲುಗಳಿಗೆ, ಅದರ ಮೇಲೆ ಕೂರುವ ಚೈಲ್ಡ್ ಥೀಮ್ ಇದೇ ಕೆಲಸ ಮಾಡುತ್ತದೆ.

ವರ್ಡ್‌ಪ್ರೆಸ್ ಎಂದಾಗ ಮಲ್ಪೆ ಹತ್ತಿರದ ಒಂದು ಹೋಮ್‌ಸ್ಟೇ ನೆನಪಾಗುತ್ತದೆ. ಅವರು ಹಳೆಯ ಥೀಮ್ ಬೇಜಾರಾಗಿ ಹೊಸದು ಹಾಕಿಕೊಂಡರು. ಆ ಕ್ಷಣವೇ ಎಲ್ಲ ಕೋಣೆಗಳ ವಿವರ, ಫೋಟೋ, ಬಾಡಿಗೆ ಅಡ್ಮಿನ್ ಪುಟದಿಂದ ಮಾಯ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅಳುವ ಹಾಗೆ ಮಾತಾಡಿದರು. ಡೇಟಾಬೇಸಿನಲ್ಲಿ ಎಲ್ಲ ಇದ್ದೇ ಇತ್ತು. "ಕೋಣೆ" ಎಂಬ ಒಂದು ಬಗೆಯ ಬರಹ ಇದೆ ಎಂದು ವರ್ಡ್‌ಪ್ರೆಸ್‌ಗೆ ಹೇಳುವ ಕೋಡನ್ನು ಮಾತ್ರ ಹಿಂದಿನವರು ಥೀಮಿನೊಳಗೆ ಬರೆದಿದ್ದರು. ಥೀಮ್ ಹೋದಾಗ ಹೇಳುವವರೇ ಇಲ್ಲ. ಆ ಹತ್ತು-ಹದಿನೈದು ಸಾಲನ್ನು ಥೀಮಿನಿಂದ ಬೇರೆಯಾಗಿ ನಿಲ್ಲುವ ಒಂದು ಪುಟ್ಟ ಪ್ಲಗಿನ್‌ಗೆ ಹಾಕಿದ ಕೂಡಲೇ ಕೋಣೆಗಳು ವಾಪಸ್ ಬಂದವು. ಅಂಗಿ ಬದಲಿಸಿದರೆ ಕಿಸೆಯಲ್ಲಿದ್ದ ದುಡ್ಡು ಹೋಗುವುದು ಬೇರೆ, ಹೆಸರೇ ಹೋಗಬಾರದಲ್ಲ.

ಕನ್ನಡದ ಸೈಟುಗಳಲ್ಲಿ ಈ ಬೆರಕೆ ಇನ್ನೂ ಜಾಸ್ತಿ ಕಾಡುತ್ತದೆ. ಸುದ್ದಿ ಮಾಡ್ಯೂಲಿನ ಉದಾಹರಣೆ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಪ್ರತಿ ಸುದ್ದಿಯ ಎರಡು ಸಾಲು ಕಾಣಬೇಕು. ಇಂಗ್ಲಿಷ್‌ಗೆಂದು ಬರೆದ ಮಾಡ್ಯೂಲ್ ಪಿಎಚ್‌ಪಿಯಲ್ಲೇ ಮೊದಲ 100 ಅಕ್ಷರ ಕತ್ತರಿಸುತ್ತದೆ. ಪಿಎಚ್‌ಪಿಯ ಹಳೆಯ ಕತ್ತರಿ ಎಣಿಸುವುದು ಅಕ್ಷರ ಅಲ್ಲ, ಬೈಟ್, ಅಂದರೆ ಕಂಪ್ಯೂಟರ್ ಮಾಹಿತಿ ಇಡುವ ಸಣ್ಣ ತುಣುಕು. ಲೋಕದ ಭಾಷೆಗಳ ಅಕ್ಷರಗಳಿಗೆ ಒಂದೊಂದು ಸಂಕೇತ ಕೊಡುವ ಯುನಿಕೋಡ್‌ನ ಪಠ್ಯವನ್ನು ಸಾಮಾನ್ಯವಾಗಿ ಇಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. "ಸ್ತ್ರೀ" ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಸ, ವಿರಾಮ (ಅರ್ಧಾಕ್ಷರದ ಗುರುತು), ತ, ವಿರಾಮ, ರ, ಈ ಕಾರ ಎಂದು 6 ಸಂಕೇತ, 18 ಬೈಟ್. ಕತ್ತರಿ ನಡುವೆ ಬಿದ್ದರೆ ಸಾಲಿನ ಕೊನೆಗೆ ಪ್ರಶ್ನೆ ಚಿಹ್ನೆ ಇರುವ ಕಪ್ಪು ವಜ್ರ ಕಾಣುತ್ತದೆ. ಬೈಟ್ ಬಿಟ್ಟು ಸಂಕೇತ ಎಣಿಸುವ ಕತ್ತರಿ ಹಾಕಿದರೆ ವಜ್ರ ಹೋಗುತ್ತದೆ, ಆದರೆ "ಸ್ತ್ರೀ" ಇದ್ದಲ್ಲಿ "ಸ್" ಉಳಿಯುತ್ತದೆ.

ಈ ದೋಷಕ್ಕೆ ಜನ ಒಳ್ಳೆಯ ಕತ್ತರಿ ಹುಡುಕುತ್ತಾ ಹೋಗುತ್ತಾರೆ. ನನ್ನ ಪ್ರಕಾರ ಕತ್ತರಿ ಹಿಡಿದ ಜಾಗವೇ ತಪ್ಪು. ಎರಡು ಸಾಲು ಸಾಕು ಎಂದು ಹೇಳಿದ್ದು ಯಾರು? ಡಿಸೈನರ್. ಮೊಬೈಲಿನಲ್ಲಿ ಮೂರು ಸಾಲು ಬೇಕು ಎಂದು ನಾಳೆ ಹೇಳುವುದೂ ಅವರೇ. ಹಾಗಾಗಿ ಮಾಡ್ಯೂಲ್ ಇಡೀ ಸಾರಾಂಶ ಕೊಡಲಿ. ಎಷ್ಟು ಸಾಲು ಕಾಣಬೇಕು ಎಂಬುದನ್ನು ಸಿಎಸ್‌ಎಸ್ ನೋಡಿಕೊಳ್ಳಲಿ. ಸಾಲುಗಳ ಮಿತಿ ಹಾಕುವ ಲೈನ್ ಕ್ಲ್ಯಾಂಪ್ ಎಂಬ ಸೌಲಭ್ಯ ಈಗ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲಿ ಇದೆ. ಪುಟದಲ್ಲಿ ಪಠ್ಯ ಪೂರ್ತಿ ಇರುತ್ತದೆ, ಕಣ್ಣಿಗೆ ಎರಡು ಸಾಲು. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೂ ವಾಕ್ಯ ತುಂಡಾಗದೆ ಸಿಗುತ್ತದೆ. ಸಾಲಿನ ಎತ್ತರವನ್ನು ಮಾಡ್ಯೂಲಿನೊಳಗೆ 20 ಪಿಕ್ಸೆಲ್ ಎಂದು ಕಟ್ಟಿಹಾಕುವುದೂ ಇಂಥದ್ದೇ ತೊಂದರೆ. "ರಾಷ್ಟ್ರ", "ವೈಶಿಷ್ಟ್ಯ" ಎಂಬಲ್ಲಿ ಕೆಳಗಿನ ಒತ್ತು ಅರ್ಧ ಕತ್ತರಿಸಿಹೋಗುತ್ತದೆ. ಇಂಗ್ಲಿಷಿಗೆ ಹೊಂದಿದ ಎತ್ತರ ನಮ್ಮ ಒತ್ತಕ್ಷರಕ್ಕೆ ಸಾಲದು.

ನೋಟ ಮತ್ತು ತಿರುಳು ಅಂಟಿಕೊಂಡರೆ ಏನಾಗುತ್ತದೆ ಎಂದು ಕನ್ನಡಿಗರಿಗೆ ವಿವರಿಸಬೇಕಾಗಿಯೇ ಇಲ್ಲ. ಅಚ್ಚಿಗೆಂದು ಕಂಪ್ಯೂಟರಿನಲ್ಲಿ ಪುಟ ಕಟ್ಟಿದ ಹಳೆಯ ಡಿಟಿಪಿ ಫೈಲ್ ತೆರೆದವರೆಲ್ಲ ಅದನ್ನು ಕಂಡಿದ್ದಾರೆ. ಯುನಿಕೋಡ್‌ಗಿಂತ ಮೊದಲಿನ ಫಾಂಟ್‌ಗಳಲ್ಲಿ ಫೈಲಿನೊಳಗೆ ಕನ್ನಡ ಇರಲೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತ ಇತ್ತು, ಫಾಂಟ್ ಅದಕ್ಕೆ ಕನ್ನಡದ ಆಕಾರ ತೊಡಿಸುತ್ತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮದುವೆ ಕಾಗದವೂ ಒಂದೇ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣವೂ ಒಂದೇ, ಓದಲಾಗದ ಗೀಚು. ಹುಡುಕಿದರೆ ಸಿಗದು. ಯುನಿಕೋಡ್‌ನಲ್ಲಿ "ಕ" ಎಂಬುದಕ್ಕೆ ತನ್ನದೇ ಸಂಕೇತ ಇದೆ, ಫಾಂಟ್ ಯಾವುದೇ ಇರಲಿ ಅದು "ಕ"ವೇ. ಕಾಲೇಜು ಹುಡುಗರಿಗೆ ಮಾಡ್ಯೂಲ್ ವಿಷಯ ಹೇಳುವಾಗ ನಾನು ಮೊದಲು ಹಳೆಯದೊಂದು ಡಿಟಿಪಿ ಫೈಲ್ ತೆರೆದು ತೋರಿಸುತ್ತೇನೆ. ಆಮೇಲೆ ಜಾಸ್ತಿ ಮಾತು ಬೇಕಾಗುವುದಿಲ್ಲ.

ಹೆಸರಿಡುವುದರ ಬಗ್ಗೆಯೂ ಒಂದು ಮಾತು. ಸಿಎಸ್‌ಎಸ್ ಕ್ಲಾಸಿಗೆ (ಪುಟದ ಒಂದು ಬಗೆಯ ಭಾಗವನ್ನು ಗುರುತಿಸುವ ಹೆಸರು) "ಕೆಂಪು ಪೆಟ್ಟಿಗೆ" ಎಂದು ಹೆಸರಿಟ್ಟರೆ ಮುಂದಿನ ವರ್ಷ ಅದು ಹಸಿರಾಗುತ್ತದೆ, ಹೆಸರು ಮಾತ್ರ ಕೆಂಪಾಗಿಯೇ ಉಳಿಯುತ್ತದೆ. "ಸೂಚನೆ" ಎಂದಿಡಿ. ಬಣ್ಣಗಳನ್ನು ಸಿಎಸ್‌ಎಸ್ ಫೈಲಿನ ತಲೆಯಲ್ಲೇ ಒಂದು ಕಡೆ ಘೋಷಿಸಿಬಿಡಿ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣ ಮಠದ ಪರ್ಯಾಯ ಉತ್ಸವ ಬರುತ್ತದೆ. ಅದರ ಹಿಂದಿನ ವಾರ ಲಾಡ್ಜ್, ಅಂಗಡಿ, ಟ್ರಾವೆಲ್ಸ್‌ನವರೆಲ್ಲ ಸೈಟಿಗೆ ಹಬ್ಬದ ಕಳೆ ಬೇಕು ಎಂದು ಕೇಳುತ್ತಾರೆ. ಬಣ್ಣ ಒಂದೇ ಕಡೆ ಇದ್ದರೆ ಅದು ಅರ್ಧ ಗಂಟೆಯ ಕೆಲಸ. ಹಬ್ಬ ಮುಗಿದ ಮೇಲೆ ತೆಗೆಯುವುದೂ ಅಷ್ಟೇ ಸುಲಭ.

ಈಗಿನ ಹುಡುಗರು ಪುಟ ಕಟ್ಟುವ ರಿಯಾಕ್ಟ್ ಎಂಬ ಸಾಧನದಲ್ಲಿ ಒಂದೇ ಫೈಲಿನಲ್ಲಿ ಎಲ್ಲ ಬರೆಯುತ್ತಾರಲ್ಲ, ನಿಮ್ಮದು ಹಳೆಯ ಕಾಲದ ಮಾತು ಎಂದು ಕೆಲವರು ನನಗೆ ಹೇಳಿದ್ದಾರೆ. ಒಂದು ಬಟನ್‌ನ ಎಚ್‌ಟಿಎಂಎಲ್, ಬಣ್ಣ, ಒತ್ತಿದಾಗಿನ ವರ್ತನೆ ಒಂದೇ ಫೈಲಿನಲ್ಲಿ ಇದ್ದರೆ ನನಗೇನೂ ತಕರಾರಿಲ್ಲ. ಅವನ್ನೆಲ್ಲ ಬದಲಿಸುವವರು ಒಬ್ಬರೇ. ಆದರೆ ಅದೇ ಫೈಲಿನಲ್ಲಿ ಬಡ್ಡಿಯ ಲೆಕ್ಕ ಬಂದರೆ, ಸಾಧನ ಎಷ್ಟೇ ಹೊಸದಿರಲಿ, ಅದು ನನ್ನ ಆ ಹಳೆಯ ನಾಲ್ಕು ಸಾಲೇ.

ಹಳೆಯ ಸೈಟ್ ಇದ್ದವರು ಎಲ್ಲವನ್ನೂ ಒಡೆದು ಹೊಸದಾಗಿ ಬರೆಸಬೇಕಾಗಿಲ್ಲ. ಯಾವ ಮಾಡ್ಯೂಲಿಗೆ ಕೆಲಸ ಬಂತೋ ಅದರಿಂದ ಲೆಕ್ಕವನ್ನಷ್ಟು ಹೊರಗೆ ತೆಗೆಸಿದರೆ ಸಾಕು. ಹೊಸದು ಮಾಡಿಸುವವರು ಮಾತ್ರ ಬಾಕಿ ಬಿಲ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಡೆವಲಪರ್ ಪಕ್ಕದಲ್ಲಿ ಕೂತು, ಯಾವುದಾದರೂ ಒಂದು ಪಟ್ಟಿಯ ಬಣ್ಣ ಬದಲಿಸಿ ತೋರಿಸಲು ಹೇಳಿ. ಕೋಡ್ ನಿಮಗೆ ಅರ್ಥ ಆಗಬೇಕಿಲ್ಲ, ತೆರೆದ ಫೈಲಿನ ಹೆಸರು ನೋಡಿ. ಸಿಎಸ್‌ಎಸ್ ಫೈಲ್ ಆಗಿದ್ದರೆ ಬಿಲ್ ಕೊಡಿ. ಡೇಟಾಬೇಸಿನಿಂದ ದರ ತರುವ ಫೈಲನ್ನೇ ತೆರೆದರೆ, ಅದನ್ನು ಬಿಡಿಸಿ ಬರೆಯಲು ಇನ್ನೊಂದು ವಾರ ಕೊಡಿ.